ಚಿತ್ತಾಪುರದ ತನಕ

ಹೈದರಾಬಾದಿನಿಂದ ವಾಡಿಗೆ ಸಣ್ಣ ವಿಮಾನದಲ್ಲಿ ಬರಲು ನಲವತ್ತೊಂಬತ್ತು ನಿಮಿಷ ಬೇಕು. ಲೆಕ್ಕ ಹಾಕಿದವನು ನಾನೇ. ವಾಡಿಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುವವನು, ಹೆಸರು ಪ್ರಹ್ಲಾದ. ಅಟ್ಲಾಸಿನ ಮೇಲೆ ಸ್ಕೇಲು ಇಟ್ಟು ನೂರಾ ಅರವತ್ತೆರಡು ಕಿಲೋಮೀಟರ್ ಎಂದು ತೆಗೆದು, ಗಂಟೆಗೆ ಇನ್ನೂರರ ವೇಗ ಹಿಡಿದು ಭಾಗಿಸಿದೆ. ಆ ವಿಮಾನ ಇದ್ದದ್ದು ಕಂಪ್ಯೂಟರಿನೊಳಗೆ. ಹಾರಿಸುತ್ತಿದ್ದವಳು ನನ್ನ ಮಗಳು ಪ್ರಮಿತಾ. ಎರಡು ಸಾವಿರದ ಐದನೇ ಇಸವಿಯ ಆ ಬೇಸಿಗೆಯಲ್ಲಿ ಅವಳಿಗೆ ಹದಿನಾರು ವರ್ಷ. ಅವಳ ಮೈಯಲ್ಲಿ ಅವಳು ಹೇಳಿದ ಮಾತು ಕೇಳುತ್ತಿದ್ದದ್ದು ಕುತ್ತಿಗೆ, ನಾಲಿಗೆ ಮತ್ತು ಬಲಗೈಯ ಮೂರು ಬೆರಳು, ಅಷ್ಟೇ.

ಒಂಬತ್ತನೇ ವಯಸ್ಸಿನಲ್ಲಿ ಅವಳು ಮೆಟ್ಟಿಲು ಹತ್ತುವಾಗ ಎಡವತೊಡಗಿದ್ದಳು. ಹೈದರಾಬಾದಿಗೆ ಕರೆದುಕೊಂಡು ಹೋದೆವು. ಸ್ನಾಯುಗಳ ರೋಗ, ಒಂದೊಂದಾಗಿ ಸೋಲುತ್ತ ಹೋಗುತ್ತವೆ, ಬೆರಳು ಕೊನೆಗೆ ಎಂದರು ಡಾಕ್ಟರು. ಔಷಧ ಇಲ್ಲವೆಂದದ್ದಕ್ಕೆ ನಾನು ಅವರ ಜೊತೆ ಜಗಳಕ್ಕೇ ನಿಂತೆ. ನನ್ನ ಸ್ವಭಾವವೇ ಅದು, ಕೆಟ್ಟ ಸುದ್ದಿ ಹೇಳಿದವರ ಮೇಲೆಯೇ ಹರಿಹಾಯುತ್ತೇನೆ. ವಾಪಸು ಬರುವಾಗ ಪ್ರಮಿತಾ ರೈಲಿನ ಕಿಟಕಿಗೆ ಕೂತು ಒಂದೊಂದೇ ಸ್ಟೇಷನ್ನಿನ ಹೆಸರು ಗಟ್ಟಿಯಾಗಿ ಓದುತ್ತ ಬಂದಳು. ತಾಂಡೂರು, ಸೇಡಂ, ಮಳಖೇಡ ರೋಡ್, ಚಿತ್ತಾಪುರ. ವಾಡಿಯಲ್ಲಿ ತಾನೇ ಇಳಿದು ಮನೆಯ ತನಕ ನಡೆದಳು. ಆಮೇಲಿನ ಏಳು ವರ್ಷ ಅವಳು ಯಾವ ಊರಿಗೂ ಹೋಗಿರಲಿಲ್ಲ.

ಕಂಪ್ಯೂಟರನ್ನು ಅವಳ ಮಂಚದ ಪಕ್ಕದಲ್ಲೇ ಇಟ್ಟಿದ್ದೆವು. ಅದನ್ನು ಜೋಡಿಸಿಕೊಟ್ಟವಳು ತಾಜುನ್ನಿಸಾ. ನನ್ನ ಹಳೆಯ ವಿದ್ಯಾರ್ಥಿನಿ, ಶಹಾಬಾದಿನಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದಳು. ಭಾನುವಾರ ಪ್ಯಾಸೆಂಜರ್ ಗಾಡಿಗೆ ಬಂದು ಪ್ರಮಿತಾಗೆ ಏನಾದರೊಂದು ಹೇಳಿಕೊಟ್ಟು, ನನ್ನ ಹೆಂಡತಿ ಸುಜಯಾ ಮಾಡಿದ ಚುರುಮುರಿ ತಿಂದು ಸಂಜೆ ಹೋಗುತ್ತಿದ್ದಳು. ವಿಮಾನ ಹಾರಿಸುವ ಆಟದ ಸಿಡಿ ತಂದವಳೂ ಅವಳೇ. ಅದು ನಡೆಯಬೇಕಾದರೆ ಗ್ರಾಫಿಕ್ಸ್ ಕಾರ್ಡ್ ಬೇಕೆಂದು ಸಿಕಂದರಾಬಾದಿನಿಂದ ತರಿಸಿ ಕೂಡಿಸಿದಳು. ಅಂಗೈಯಷ್ಟು ಹಸಿರು ಹಲಗೆ, ಮೇಲೆ ಅಲ್ಯೂಮಿನಿಯಮ್ಮಿನ ಸಣ್ಣ ರೆಕ್ಕೆಗಳು, ಅದರ ಮೇಲೆ ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡ ಫ್ಯಾನು. ತೆರೆಯ ಮೇಲಿನ ಆಕಾಶ, ನೆಲ, ಮೋಡ ಎಲ್ಲವನ್ನೂ ಕ್ಷಣಕ್ಷಣಕ್ಕೆ ಹೊಸದಾಗಿ ಬರೆಯುವ ಕೆಲಸ ಅದರದು. ಅಷ್ಟು ದುಡಿದರೆ ಯಾರಿಗಾದರೂ ಮೈ ಬಿಸಿಯಾಗುತ್ತದೆ.

ಪ್ರಮಿತಾ ಮೂರು ಬೆರಳಿನಿಂದ ಕೀಬೋರ್ಡಿನ ಅಂಕಿಗಳನ್ನು ಒತ್ತಿ ಹಾರುವುದನ್ನು ಕಲಿತಳು. ಮೊದಮೊದಲು ಏರುವ ಮುಂಚೆಯೇ ಬೀಳುತ್ತಿದ್ದಳು. ಎರಡು ತಿಂಗಳಲ್ಲಿ ವಿಮಾನವನ್ನು ನೂಲು ಹಿಡಿದಂತೆ ನೇರ ಒಯ್ಯತೊಡಗಿದಳು. ಮಾರ್ಚಿನಲ್ಲಿ ಒಂದು ದಿನ ಹೇಳಿದಳು:

"ಅಪ್ಪಾ, ನಾ ಹೈದರಾಬಾದಿನಿಂದ ವಾಡಿಗೆ ಬರಾಕಿ. ನಡಕ ಎಲ್ಲೂ ನಿಲ್ಲಂಗಿಲ್ಲ."

"ವಾಡಿ ಆ ಆಟದಾಗ ಇಲ್ಲವ್ವಾ. ಬರೇ ಕಂದು ನೆಲ ಕಾಣಸ್ತದ."

"ಇರಲಿ. ಎಷ್ಟ ನಿಮಿಷಕ್ಕ ಎಲ್ಲಿ ಇರ್ತೀನಿ ಅಂತ ನೀ ಬರದ ಕೊಡು. ವಾಡಿ ಬಂದಾಗ ನಾ ಕೆಳಗ ನೋಡ್ತೀನಿ."

ನಾನು ಕಾಗದದ ಮೇಲೆ ಬರೆದು ಗೋಡೆಗೆ ಅಂಟಿಸಿದೆ. ಇಪ್ಪತ್ತೊಂಬತ್ತಕ್ಕೆ ತಾಂಡೂರು, ಮೂವತ್ತೊಂಬತ್ತಕ್ಕೆ ಸೇಡಂ, ನಲವತ್ತಾರಕ್ಕೆ ಚಿತ್ತಾಪುರ, ನಲವತ್ತೊಂಬತ್ತಕ್ಕೆ ವಾಡಿ. ಆ ಹೊತ್ತಿಗೆ ಅವಳ ನಡುಬೆರಳು ಆಗಲೇ ಸ್ವಲ್ಪ ತಡವಾಗಿ ಏಳುತ್ತಿತ್ತು. ಅದನ್ನು ಅವಳೂ ನೋಡಿದ್ದಳು, ನಾನೂ ನೋಡಿದ್ದೆ, ಇಬ್ಬರೂ ಬಾಯಿ ಬಿಟ್ಟಿರಲಿಲ್ಲ. ಬೆರಳು ಇರುವುದರೊಳಗೆ ಅವಳು ಒಮ್ಮೆ ವಾಡಿಗೆ ಬಂದು ಮುಟ್ಟಬೇಕು. ಆ ವರ್ಷ ನನಗೆ ಬದುಕಿನಲ್ಲಿ ಬೇರೆ ಯಾವ ಆಸೆಯೂ ಇರಲಿಲ್ಲ.

ತಾಂಡೂರಿನ ಮೇಲೆ ಕಂಪ್ಯೂಟರ್ ನಿಂತಿತು. ತೆರೆಯ ಮೇಲೆ ಮೊದಲು ಬಣ್ಣಬಣ್ಣದ ಚೂರುಗಳು ಬಂದವು, ಆಮೇಲೆ ವಿಮಾನ ಆಕಾಶದಲ್ಲಿ ಹಾಗೇ ನಿಂತುಬಿಟ್ಟಿತು. ಮರುದಿನವೂ ತಾಂಡೂರು. ಅದರ ಮರುದಿನ ತಾಂಡೂರೂ ಇಲ್ಲ. ಕಾರ್ಡ್ ಕಾದು ಸೋಲುತ್ತಿತ್ತು, ಬಿಸಿಲು ನಲವತ್ತೆರಡು ಡಿಗ್ರಿ ದಾಟಿತ್ತು. ನಮ್ಮದು ಕಲ್ಲುಹಾಸಿನ ಮಾಳಿಗೆ, ಮಧ್ಯಾಹ್ನ ಅದರ ಕೆಳಗೆ ಕೂತರೆ ತಲೆ ಸುಡುತ್ತದೆ. ಬೆಳಿಗ್ಗೆ ಹಾರಿಸೋಣವೆಂದರೆ ಕರೆಂಟು ಬರುವುದೇ ಹನ್ನೊಂದಕ್ಕೆ. ಸಂಜೆ ವೋಲ್ಟೇಜು ಇರುವುದಿಲ್ಲ. ಹನ್ನೊಂದರಿಂದ ಮೂರು, ನರಕದ ಹೊತ್ತೇ ನಮ್ಮ ಹೊತ್ತು.

ನಡುವೆ ನಿಲ್ಲಿಸಿ, ತಣ್ಣಗಾದ ಮೇಲೆ ಅಲ್ಲಿಂದಲೇ ಮುಂದುವರಿಸು ಎಂದೆ. ಬೇಕಾದರೆ ಚಿತ್ತಾಪುರದ ಮೇಲೆಯೇ ವಿಮಾನ ಇಟ್ಟುಕೊಡುತ್ತೇನೆ, ಮೂರೇ ನಿಮಿಷ ಹಾರಿಸು ಎಂದೆ. ಅವಳು ನನ್ನನ್ನು ದಡ್ಡ ಹುಡುಗನನ್ನು ನೋಡುವಂತೆ ನೋಡಿದಳು.

"ಹಂಗ ಬರೋದಿದ್ರ ನಕಾಶಿ ಮ್ಯಾಲೆ ಬೆರಳ ಇಟ್ರಾತಲ್ಲ? ಅದಕ್ಕ ಇಷ್ಟೆಲ್ಲಾ ಯಾಕ ಬೇಕು?"

ಭಾನುವಾರ ತಾಜುನ್ನಿಸಾ ಬಂದು ಕಂಪ್ಯೂಟರಿನ ಡಬ್ಬಿ ಬಿಚ್ಚಿದಳು. ಒಳಗೆ ಬೂದಿ ಬಣ್ಣದ ಧೂಳು ಒಂದು ಬೆರಳು ದಪ್ಪ. ವಾಡಿಯಲ್ಲಿ ಕಾರ್ಖಾನೆಯ ಸಿಮೆಂಟಿನ ಧೂಳು ಮನೆಯವರ ಪೈಕಿಯೇ, ಅದಕ್ಕೊಂದು ರೇಶನ್ ಕಾರ್ಡ್ ಕೊಡುವುದಷ್ಟೇ ಬಾಕಿ. ಅವಳು ಬ್ರಷ್ಷಿನಿಂದ ಎಲ್ಲ ಜಾಡಿಸಿದಳು. ಬಿಸಿ ಎಳೆಯಲೆಂದು ಕಾರ್ಡಿನ ಮೇಲೆ ಹಚ್ಚಿದ್ದ ಒಣಗಿದ ಮುಲಾಮು ಒರೆಸಿ ಹೊಸ ಬಿಳಿ ಮುಲಾಮು ಸವರಿದಳು. ಒಳಗಿನ ಅಗಲವಾದ ಪಟ್ಟಿ ವೈರುಗಳು ಗಾಳಿಗೆ ಅಡ್ಡ ನಿಂತಿದ್ದವು. ಸುಜಯಾ ಹೂ ಕಟ್ಟುವ ದಾರ ತಂದುಕೊಟ್ಟಳು, ತಾಜುನ್ನಿಸಾ ಅದರಿಂದ ಅವನ್ನೆಲ್ಲ ಮಡಿಚಿ ಬದಿಗೆ ಕಟ್ಟಿದಳು.

"ಸರ್, ಹವಾಕ್ಕ ರಸ್ತಾ ಬೇಕ್ರಿ. ಮುಂದಿಂದ ಬರ್ಬೇಕು, ಹಿಂದಿಂದ ಹೋಗ್ಬೇಕು. ಈಗ ನೋಡ್ರಿ, ಬಿಸಿ ಹವಾ ಒಳಗ ಗಿರಕಿ ಹೊಡಿಯಾಕತ್ತದ, ಹೊರಗ ಹೋಗಾಕ ದಾರಿನೇ ಇಲ್ಲ."

"ಗಾಳಿ ಹೆಂಗ ಹೋಗ್ತದ ಅಂತ ನನಗ ಹೇಳ್ತೀ ಏನು? ನಿನಗ ಕಲಿಸಿದಾಂವ ನಾನು."

"ಹೌದ್ರಿ ಸರ್," ಎಂದು ನಕ್ಕಳು. ಹಾಳಾದ ಯಾವುದೋ ಡಬ್ಬಿಯಿಂದ ಬಿಚ್ಚಿ ತಂದ ಫ್ಯಾನನ್ನು ಹಿಂಬದಿಗೆ ಕೂಡಿಸಿ ಹೋದಳು. ಮರುದಿನ ಪ್ರಮಿತಾ ತಾಂಡೂರು ದಾಟಿದಳು. ಬುಧವಾರ ಸೇಡಂ ಮುಟ್ಟಿದಳು. ಅಂದು ಮಗಳು ಎಷ್ಟು ಖುಷಿಯಾಗಿದ್ದಳೆಂದರೆ ಎರಡು ಹೋಳಿಗೆ ತಿಂದಳು, ಅವಳಿಗೆ ನುಂಗುವುದೂ ಕಷ್ಟವಾಗಿದ್ದ ದಿನಗಳವು.

ಸೇಡಂನಿಂದ ಮುಂದೆ ಗಾಡಿ ಕದಲಲಿಲ್ಲ. ಶಾಲೆಗೆ ರಜೆ ಬಂತು, ನನಗೆ ಇದೇ ಕೆಲಸವಾಯಿತು. ಡಬ್ಬಿಯ ಬದಿಯ ಮುಚ್ಚಳ ತೆಗೆದಿಟ್ಟೆ. ಮೂರು ನಿಮಿಷ ಹೆಚ್ಚಾಯಿತು, ಎರಡು ದಿನದಲ್ಲಿ ಒಳಗೆ ಧೂಳು ತುಂಬಿ ಐದು ನಿಮಿಷ ಕಡಿಮೆಯಾಯಿತು. ಟೇಬಲ್ ಫ್ಯಾನು ಹಚ್ಚಿದೆ. ಅದು ಗಾಳಿಗಿಂತ ಧೂಳನ್ನೇ ಹೆಚ್ಚು ನುಗ್ಗಿಸಿತು. ನನ್ನ ಹಳೆಯ ಪಂಚೆ ಹರಿದು ಮುಂದಿನ ಕಿಂಡಿಗೆ ಬಿಗಿದೆ. ಧೂಳು ನಿಂತಿತು, ಜೊತೆಗೆ ಗಾಳಿಯೂ ನಿಂತಿತು. ಗಾಳಿ ಬಿಟ್ಟರೆ ಧೂಳು, ಧೂಳು ತಡೆದರೆ ಗಾಳಿ ಇಲ್ಲ. ನಾನು ಸ್ಕ್ರೂಡ್ರೈವರ್ ಗೋಡೆಗೆ ಬೀಸಿ ಒಗೆದೆ.

"ಅಪ್ಪಾ, ನಿನ್ನ ಉಸಿರೇ ಭಾಳ ಬಿಸಿ ಅದ. ಜರಾ ದೂರ ಕುಂದ್ರು, ಅದೂ ತಣ್ಣಗಾದೀತು," ಎಂದಳು ಪ್ರಮಿತಾ. ನಗು ಬಂತು. ಅವಳು ಮಾತ್ರ ನಗದೆ ತನ್ನ ಕೈ ನೋಡಿಕೊಳ್ಳುತ್ತಿದ್ದಳು. ನಡುಬೆರಳು ಅಂಕಿಯ ಮೇಲೆ ಕೂತಿತ್ತು, ಒತ್ತುತ್ತಿರಲಿಲ್ಲ. ಈಗ ಎರಡೇ ಬೆರಳು.

ಆ ಭಾನುವಾರ ತಾಜುನ್ನಿಸಾ ಬರಲಿಲ್ಲ. ಚಿಂಚೋಳಿಯಲ್ಲಿ ಅವಳ ಅಕ್ಕನ ಮದುವೆ ಇತ್ತು. ಫೋನಿನಲ್ಲಿ ಹೇಳಿದಳು: "ಎರಡ ವಾರ ತಡೀರಿ ಸರ್. ಧೂಳಿಗೆ ಏನರ ಮಾಡೂಣು, ನನಗ ಒಂದು ಐಡಿಯಾ ಅದ. ಅಲ್ಲಿತನಾ ನೀವು ಏನೂ ಮಾಡಬ್ಯಾಡ್ರಿ."

ಎರಡು ವಾರ! ಎರಡು ವಾರದಲ್ಲಿ ಎಷ್ಟು ಬೆರಳು ಉಳಿದಿರುತ್ತವೆಂದು ಅವಳಿಗೇನು ಗೊತ್ತು? ನಾನು ಫೋನು ಕುಕ್ಕಿದೆ.

ಮನೆಯಲ್ಲಿ ಒಂದೇ ಕೂಲರ್ ಇತ್ತು, ಪ್ರಮಿತಾಳ ಕಡೆಗೆ ತಿರುಗಿಸಿಟ್ಟದ್ದು. ಮೂರು ಬದಿಗೂ ಹುಲ್ಲಿನ ತಟ್ಟಿ, ಮೇಲಿಂದ ನೀರು ಇಳಿಯುತ್ತದೆ, ಫ್ಯಾನು ಗಾಳಿಯನ್ನು ಆ ಹಸಿ ಹುಲ್ಲಿನ ಮೂಲಕ ಎಳೆದು ತಣ್ಣಗೆ ಮಾಡಿ ಒಗೆಯುತ್ತದೆ. ಅದನ್ನು ನೋಡುತ್ತ ಕೂತವನಿಗೆ ಥಟ್ಟನೆ ಹೊಳೆಯಿತು. ಹಸಿ ಹುಲ್ಲು ಗಾಳಿಯನ್ನು ತಣ್ಣಗೂ ಮಾಡುತ್ತದೆ, ಧೂಳನ್ನೂ ಹಿಡಿಯುತ್ತದೆ. ಒಂದೇ ಏಟಿಗೆ ಎರಡೂ ಕೆಲಸ. ಇಷ್ಟು ಸುಲಭದ್ದು ನನಗೆ ಮೊದಲೇ ಯಾಕೆ ತಿಳಿಯಲಿಲ್ಲ ಎಂದು ಹಣೆ ಬಡಿದುಕೊಂಡು ಮಗಳಿಗೆ ಹೇಳಿದೆ.

"ಅದರ ಕಡೆ ತಿರುಗಸು ಅಪ್ಪಾ," ಎಂದಳು ಪ್ರಮಿತಾ. "ನನಗ ಸೆಕಿ ಆದ್ರ ಆಗಲಿ. ಅಮ್ಮ ಬೀಸಣಿಗಿ ತಗೊಂಡ ಬೀಸ್ತಾಳ."

ರಟ್ಟಿನ ಪೆಟ್ಟಿಗೆ ಕತ್ತರಿಸಿ ಕೊಳವೆ ಮಾಡಿದೆ. ಒಂದು ತುದಿ ಕೂಲರಿನ ಬಾಯಿಗೆ, ಇನ್ನೊಂದು ತುದಿ ನೇರ ಕಾರ್ಡಿನ ಮೇಲೆ. ಸುಜಯಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವಳು ಹೆಚ್ಚು ಮಾತಾಡುವವಳಲ್ಲ.

"ಅಲ್ರೀ, ಕೂಲರ್ ಹವಾ ಹಸಿ ಇರ್ತದಲ್ಲ. ತುಳಸಿ ಎಲಿ ಮ್ಯಾಲಿನ ಧೂಳು ನೀರು ಬಿದ್ದ ಮ್ಯಾಲ ಎಷ್ಟು ತಿಕ್ಕಿದ್ರೂ ಹೋಗಂಗಿಲ್ಲ. ನಾ ದಿನಾ ಪೂಜಾಕ್ಕ ಮೊದಲ ಉಗುರಿಲೆ ಕೆರೀತೀನಿ."

"ತುಳಸಿ ಬ್ಯಾರೆ, ಕಂಪ್ಯೂಟರ್ ಬ್ಯಾರೆ. ನನಗ ಫಿಜಿಕ್ಸ್ ಹೇಳಲಿಕ್ಕೆ ಬರಬ್ಯಾಡ."

ಅವಳು ಒಳಗೆ ಹೋದಳು. ನಾನು ಕೂಲರ್ ಹಚ್ಚಿದೆ.

ಮೊದಲ ದಿನವೇ ಮಳಖೇಡ ರೋಡ್ ದಾಟಿತು. ಕಾರ್ಡಿನ ರೆಕ್ಕೆ ಮುಟ್ಟಿ ನೋಡಿದೆ, ತಣ್ಣಗಿತ್ತು. ನಾನು ಮಗಳ ಹಣೆಗೆ ಮುತ್ತು ಕೊಟ್ಟೆ. ನಾಲ್ಕನೇ ದಿನ ಬಹಳ ಹತ್ತಿರ ಬಂದಿತ್ತು, ಕರೆಂಟು ಹೋಯಿತು. ಆರನೇ ದಿನ ಅವಳ ಬೆರಳು ಜಾರಿ ವಿಮಾನ ಕೆಳಗೆ ಬಿತ್ತು. ಅವಳು ಬೈದುಕೊಂಡಳು, ನನ್ನ ಬಾಯಿಂದ ಕಲಿತ ಬೈಗುಳಗಳು. ಎಂಟನೇ ದಿನದಿಂದ ನಿಮಿಷಗಳು ಕಡಿಮೆಯಾಗತೊಡಗಿದವು. ನಾನು ತಟ್ಟಿಗೆ ಇನ್ನಷ್ಟು ನೀರು ಬಿಟ್ಟೆ. ತಟ್ಟಿ ಹಿಡಿದದ್ದು ದಪ್ಪ ಧೂಳನ್ನು, ನುಣ್ಣನೆಯ ಧೂಳು ನೀರಿನ ಪಸೆಯ ಜೊತೆ ಸರಾಗವಾಗಿ ಒಳಗೆ ಹೋಗುತ್ತಿತ್ತು. ಅದು ನನಗೆ ತಿಳಿದದ್ದು ಆಮೇಲೆ.

ಹನ್ನೊಂದನೇ ದಿನ ಮೋಡ ಕವಿದಿತ್ತು, ಬಿಸಿಲು ಕಡಿಮೆ. ಪ್ರಮಿತಾ ಊಟವನ್ನೂ ಮಾಡದೆ ಕೂತಳು. ಎರಡು ಬೆರಳಿನಲ್ಲಿ ಎಡ, ಬಲ, ಮೇಲೆ, ಕೆಳಗೆ ಎಲ್ಲ. ಬೆವರು ಕಣ್ಣಿಗಿಳಿದರೆ ಸುಜಯಾ ಸೆರಗಿನಿಂದ ಒರೆಸುತ್ತಿದ್ದಳು. ನಾನು ಗಡಿಯಾರ ಹಿಡಿದು ಹೇಳುತ್ತಿದ್ದೆ. ತಾಂಡೂರು. ಸೇಡಂ. ಮಳಖೇಡ ರೋಡ್. ನಲವತ್ತಾರು ಎಂದೆ. "ಚಿತ್ತಾಪುರ," ಎಂದಳು ಅವಳು, ಒಂಬತ್ತು ವರ್ಷದ ಹುಡುಗಿಯ ದನಿಯಲ್ಲಿ. ಆಗ ತೆರೆಯ ಮೇಲೆ ಗೆರೆಗಳು ಬಂದವು. ಸುಟ್ಟ ವಾಸನೆ ಬಂತು. ತೆರೆ ಕಪ್ಪಾಯಿತು.

ನಾನು ಎಲ್ಲ ಬಿಚ್ಚಿದೆ, ಊದಿದೆ, ಮತ್ತೆ ಕೂಡಿಸಿದೆ, ಗುದ್ದಿದೆ. ಕಪ್ಪು ಕಪ್ಪೇ ಉಳಿಯಿತು.

"ಇನ್ನ ಮೂರ ನಿಮಿಷ ಇತ್ತಪ್ಪಾ," ಎಂದಳು ಪ್ರಮಿತಾ. ಅಷ್ಟೇ ಹೇಳಿದ್ದು. ಅವಳು ನನ್ನ ಮೇಲೆ ಕೂಗಾಡಿದ್ದರೆ ಚೆನ್ನಾಗಿತ್ತು.

ತಾಜುನ್ನಿಸಾ ಮದುವೆ ಮುಗಿಸಿ ಬಂದಳು, ಕೈಯ ಮೆಹಂದಿ ಇನ್ನೂ ಕೆಂಪಗಿತ್ತು. ಕಾರ್ಡ್ ಹೊರಗೆಳೆದು ಫ್ಯಾನನ್ನು ಬೆರಳಿಂದ ತಿರುಗಿಸಿದಳು, ತಿರುಗಲಿಲ್ಲ. ಸ್ಕ್ರೂ ಬಿಚ್ಚಿ ರೆಕ್ಕೆಗಳ ಭಾಗವನ್ನು ನೆಲದ ಫರಸಿಗೆ ಬಡಿದಳು. ಧೂಳು ಉದುರಲಿಲ್ಲ. ಕೊನೆಗೆ ಸ್ಕ್ರೂಡ್ರೈವರಿನ ತುದಿ ಹಾಕಿ ಮೀಟಿದಳು. ಬೂದಿ ಬಣ್ಣದ ಗಟ್ಟಿ ಚಕ್ಕೆಯೊಂದು ಎದ್ದು ಬಂತು. ಅದರ ಮೇಲೆ ಅಲ್ಯೂಮಿನಿಯಮ್ಮಿನ ರೆಕ್ಕೆಗಳ ಅಚ್ಚು ನೀಟಾಗಿ ಮೂಡಿತ್ತು.

"ಸರ್," ಎಂದಳು ಮೆಲ್ಲಗೆ, "ಇದಕ್ಕ ನೀವು ಹನ್ನೊಂದು ದಿವಸ ನೀರ ಹೊಡದೀರಿ. ಮನಿ ಮ್ಯಾಲ ಛತ್ತ ಹಾಕಿದ ಮ್ಯಾಲ ಸಿಮೆಂಟಿಗೆ ಹೊಡೀತಾರಲ್ಲ, ಹಂಗ. ಬಿಲ್ಕುಲ್ ಗಟ್ಟಿ ಕುಂತದ."

ಅವಳು ಚುಚ್ಚಲು ಹೇಳಲಿಲ್ಲ, ಇದ್ದದ್ದನ್ನು ಹೇಳಿದಳು. ಆ ಚಕ್ಕೆಯನ್ನು ಅಂಗೈಯಲ್ಲಿ ಹಿಡಿದು ನಾನು ಕೂತೆ. ಸಿಮೆಂಟಿಗೆ ನೀರು ಬಿದ್ದರೆ ಏನಾಗುತ್ತದೆಂದು ಇಪ್ಪತ್ತೆರಡು ವರ್ಷದಿಂದ ಹತ್ತನೇ ತರಗತಿಗೆ ಪಾಠ ಮಾಡಿದವನು ನಾನು. ವಾಡಿಯ ನೆಲದಲ್ಲಿ ಆಡುವ ಕೂಸಿಗೂ ಅದು ಗೊತ್ತು. ಸುಜಯಾ ಬಾಯಿ ಬಿಟ್ಟು ಹೇಳಿದ್ದಳು. ಈಗ ಅವಳು ಅಡುಗೆಮನೆಯಿಂದ ಹೊರಗೇ ಬರಲಿಲ್ಲ. ನನಗೆ ಬೈಯಲು ಯಾರೂ ಉಳಿದಿರಲಿಲ್ಲ.

ಅಂಥದೇ ಕಾರ್ಡ್ ಸಿಕಂದರಾಬಾದಿನಿಂದ ಬರಲು ಒಂದು ತಿಂಗಳು ಹಿಡಿಯಿತು. ಪ್ರಮಿತಾ ದಿನಾ ಕೀಬೋರ್ಡನ್ನು ಕೈಯ ಕೆಳಗೆ ಇಡಿಸಿಕೊಂಡು, ಕಪ್ಪು ತೆರೆಯ ಮುಂದೆಯೇ ಎರಡು ಬೆರಳು ಒತ್ತಿ ಒತ್ತಿ ಅಭ್ಯಾಸ ಮಾಡುತ್ತಿದ್ದಳು. ಜೂನ್ ನಡುವೆ ಮಳೆ ಶುರುವಾದಾಗ ಅವಳಿಗೆ ಜ್ವರ ಬಂತು, ಎದೆಯಲ್ಲಿ ಕಫ ಕಟ್ಟಿತು. ಗುಲ್ಬರ್ಗಾದ ಆಸ್ಪತ್ರೆಯಲ್ಲಿ ಹದಿನಾರು ದಿನ ಇದ್ದೆವು. ಬದುಕಿಸಿ ಕಳಿಸಿದರು. ಅಲ್ಲಿಂದ ಬರುವಾಗ ಆಂಬುಲೆನ್ಸಿನಲ್ಲಿ ನಾನು ಅವಳ ಬಲಗೈ ಹಿಡಿದುಕೊಂಡಿದ್ದೆ. ನನ್ನ ಹೆಬ್ಬೆರಳನ್ನು ಒತ್ತು ನೋಡೋಣ ಎಂದೆ. ಅವಳು ಬಹಳ ಹೊತ್ತು ಪ್ರಯತ್ನ ಮಾಡಿದಳು. ಒತ್ತಿದ್ದೀನಿ ಅಂದಳು. ನನ್ನ ಹೆಬ್ಬೆರಳಿಗೆ ಏನೂ ತಿಳಿಯಲಿಲ್ಲ.

ನಾವು ಆಸ್ಪತ್ರೆಯಲ್ಲಿದ್ದಾಗ ತಾಜುನ್ನಿಸಾ ನಮ್ಮ ಮನೆಯ ಕೀಲಿ ಇಸಿದುಕೊಂಡು ಬಂದು ಎಲ್ಲ ಸರಿ ಮಾಡಿಟ್ಟಿದ್ದಳು. ಹೊಸ ಕಾರ್ಡ್ ಕೂಡಿಸಿ, ಡಬ್ಬಿಯ ಸಣ್ಣಪುಟ್ಟ ಸಂದುಗಳಿಗೆಲ್ಲ ಟೇಪು ಹಚ್ಚಿದ್ದಳು. ಮುಂದೆ ಒಂದು ಮೊಳ ಅಗಲದ ಮರದ ಚೌಕಟ್ಟು, ಅದರಲ್ಲಿ ತೆಳು ಬಟ್ಟೆಯನ್ನು ನೆರಿಗೆ ನೆರಿಗೆಯಾಗಿ ಕೂಡಿಸಿ, ಹಿಂದೆ ಮೆಲ್ಲಗೆ ತಿರುಗುವ ಒಂದು ದೊಡ್ಡ ಫ್ಯಾನು.

"ಬಟ್ಟಿ ಸಣ್ಣದಿದ್ರ ಹವಾ ಕಟ್ಟತದ್ರಿ ಸರ್. ನೆರಿಗಿ ಮಾಡಿ ದೊಡ್ಡದ ಮಾಡಿದ್ರ ಧೂಳೂ ನಿಲ್ತದ, ಹವಾನೂ ಬರ್ತದ. ನೀರ ಬೇಕಾಗಿಲ್ಲ. ಅವತ್ತ ಫೋನಿನ್ಯಾಗ ಇದನ್ನ ಹೇಳೂಣು ಅಂತಿದ್ದೆ."

ನಾನು ಒಂದು ಪಂಚೆಯ ಚೂರನ್ನು ಬಿಗಿಯಾಗಿ ಎಳೆದು ಕಟ್ಟಿದ್ದೆ. ಅದನ್ನೇ ಸಡಿಲ ಮಾಡಿ ನೆರಿಗೆ ಹಾಕಿದ್ದರೆ ಸಾಕಿತ್ತು. ದಿನಾ ಬೆಳಿಗ್ಗೆ ಪಂಚೆಗೆ ನೆರಿಗೆ ಹಾಕಿ ಉಡುವವನು ನಾನು. ಎರಡು ವಾರ ಬಾಯಿ ಮುಚ್ಚಿಕೊಂಡು ಕೂತಿದ್ದರೆ ಸಾಕಿತ್ತು.

ಜುಲೈಯ ಒಂದು ಮಧ್ಯಾಹ್ನ ಪ್ರಮಿತಾಳನ್ನು ದಿಂಬಿಗೆ ಒರಗಿಸಿ ಕೂರಿಸಿದೆವು. ನೀನು ಹೇಳು, ನಾನು ಒತ್ತುತ್ತೇನೆ ಎಂದೆ. ವಿಮಾನ ಏರಿಸುವಾಗ "ಮ್ಯಾಲೆ, ಇನ್ನಷ್ಟ ಮ್ಯಾಲೆ, ಈಗ ಬಿಡು" ಎಂದು ಹೇಳಿಕೊಟ್ಟಳು. ಅಲ್ಲಲ್ಲಿ "ಎಡಕ" ಎಂದಳು. ತಾಂಡೂರು ದಾಟಿದ ಮೇಲೆ ಮಾತು ನಿಂತಿತು. ನಾನು ಒತ್ತುತ್ತಲೇ ಇದ್ದೆ. ಕಾರ್ಡ್ ಬಿಸಿಯಾಗಲಿಲ್ಲ. ಕರೆಂಟು ಹೋಗಲಿಲ್ಲ. ಸೇಡಂ ಬಂತು, ಮಳಖೇಡ ರೋಡ್ ಬಂತು, ಚಿತ್ತಾಪುರ ಬಂತು. ಪ್ರತಿಯೊಂದರ ಹೆಸರನ್ನೂ ನಾನೇ ಕೂಗಿದೆ. ಚಿತ್ತಾಪುರ ದಾಟಿದ ಮೇಲಿನ ಮೂರು ನಿಮಿಷ ಗಡಿಯಾರ ನೋಡುತ್ತಲೇ ಒತ್ತಿದೆ, ವಿಮಾನ ಓಲಾಡಿತು.

"ವಾಡಿ ಬಂತವ್ವಾ," ಎಂದೆ. "ಕೆಳಗ ನೋಡು."

ಅವಳು ತೆರೆಯನ್ನು ನೋಡುತ್ತಿರಲಿಲ್ಲ. ಹಾಸಿಗೆಯ ಮೇಲೆ ಬಿದ್ದಿದ್ದ ತನ್ನ ಬಲಗೈಯನ್ನು ನೋಡುತ್ತಿದ್ದಳು.

"ನೀ ಬಂದಿ ಅಪ್ಪಾ," ಎಂದಳು. "ನಾ ಬರಲಿಲ್ಲ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ಕೀಬೋರ್ಡಿನಿಂದ ಕೈ ತೆಗೆದೆ. ವಿಮಾನ ವಾಡಿಯ ಮೇಲೆ ನಿಲ್ಲದೆ ಮುಂದಕ್ಕೆ ಹೋಗುತ್ತಲೇ ಇತ್ತು, ಅದನ್ನು ಇಳಿಸುವುದು ಹೇಗೆಂದು ಅವಳನ್ನು ಕೇಳಲು ನನಗೆ ಬಾಯಿ ಬರಲಿಲ್ಲ.